ಏಳನೆಯ ಸಾಲಿನ ಕಾಯಿ

ಆ ಹೆಂಗಸನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಅವಳಿಗೂ ನಾನೆಂದರೆ ಅಷ್ಟಕ್ಕಷ್ಟೆ. ತೊಂಬತ್ತರ ದಶಕದ ಕೊನೆಯ ಮಾತು. ನಾನು ಶಿವಮೊಗ್ಗದಲ್ಲಿ ತಳಿ ಸಂಶೋಧನೆಯ ಸಹಾಯಕಿಯಾಗಿ ಸೇರಿ, ವಿದ್ಯಾನಗರದ ಬಾಡಿಗೆ ಕೋಣೆಯೊಂದರಲ್ಲಿದ್ದೆ. ಅವಳು ಭದ್ರಾವತಿ ಪಕ್ಕದ ಹಳ್ಳಿಯ ಕೂಲಿ ಹೆಂಗಸರ ಗುಂಪಿಗೆ ಮೇಸ್ತ್ರಿ. ನನ್ನ ತಾಯಿಯ ವಯಸ್ಸು. ಆದರೂ ನಾನು ಅವಳನ್ನು ‘ಬಾ, ಹೋಗು’ ಎಂದೇ ಕರೆಯುತ್ತಿದ್ದೆ. ಅವಳು ಮಾತಿಗೊಮ್ಮೆ ‘ಮೇಡಮ್ಮೋರೇ’ ಎನ್ನುತ್ತಿದ್ದಳು. ಅದರಲ್ಲಿ ಮರ್ಯಾದೆಗಿಂತ ಕುಹಕವೇ ಜಾಸ್ತಿ ಕೇಳಿಸುತ್ತಿತ್ತು.

ನಮ್ಮದು ಬೀನ್ಸಿನ ಕೆಲಸ. ಹನ್ನೆರಡು ತಳಿಗಳನ್ನು, ಸಾಲಿಗೊಂದರಂತೆ, ಮೂರು ಕಡೆ ಬಿತ್ತಿದ್ದೆವು. ಒಂದು, ಶಿವಮೊಗ್ಗದಲ್ಲಿ ನಮ್ಮದೇ ಹೊಲ. ಇನ್ನೊಂದು, ಊರಾಚೆ ಕೆಮ್ಮಣ್ಣಿನ ದಿಬ್ಬ. ಮೂರನೆಯದು, ಭದ್ರಾವತಿ ಹತ್ತಿರ ರೈತರೊಬ್ಬರ ನಾಲೆ ನೀರಿನ ಜಮೀನು. ಒಂದು ಕಡೆ ಸುರಿದು ಇನ್ನೊಂದು ಕಡೆ ಕೈಕೊಡುವ ತಳಿ ನಮಗೆ ಬೇಡವಾಗಿತ್ತು. ಮಣ್ಣು ಹೇಗೇ ಇರಲಿ, ಹೆಚ್ಚುಕಡಿಮೆ ಒಂದೇ ಸಮ ಕಾಳು ಕೊಡುವುದು ಬೇಕಿತ್ತು. ಅದಕ್ಕಾಗಿ ಕಾಯಿ ಗಿಡದಲ್ಲೇ ಒಣಗಬೇಕು, ಕಾಳು ಬಿಡಿಸಿ ತೂಗಬೇಕು. ಹಸಿರು ಕಾಯಿ ಒಂದನ್ನೂ ಕೀಳುವಂತಿಲ್ಲ. ಇದನ್ನು ಹೆಂಗಸರಿಗೆ ಹೇಳಿದ್ದೆ ಎನ್ನುವುದಕ್ಕಿಂತ ಬೆದರಿಸಿದ್ದೆ ಎನ್ನುವುದೇ ಸರಿ.

ಕಾಯಿ ಕಟ್ಟಿದ ಹೊತ್ತಿಗೆ ಭದ್ರಾವತಿಯ ತಾಕಿನಲ್ಲಿ ಏಳನೆಯ ಸಾಲು ಬೋಳಾಗತೊಡಗಿತು. ಅಕ್ಕಪಕ್ಕದ ಸಾಲುಗಳಲ್ಲಿ ಕಾಯಿ ಜೋತಾಡುತ್ತಿದ್ದವು. ಮಂಗವಾದರೆ ಒಂದೇ ಸಾಲು ಹುಡುಕಿಕೊಂಡು ಬರುವುದಿಲ್ಲ.

ಒಂದು ಮಧ್ಯಾಹ್ನ, ಕಳೆ ತೆಗೆದು ಹೆಂಗಸರು ಬದುವಿನ ಮೇಲೆ ಹೊರಟಿದ್ದಾಗ, ನಾನು ಅಡ್ಡ ನಿಂತೆ.

“ಚೀಲ ಬಿಚ್ಚು.”

“ಯಾಕೆ?” ಅವಳು ಸೆರಗು ಸರಿಮಾಡಿಕೊಂಡು ಕೇಳಿದಳು.

“ಬಿಚ್ಚು ಅಂದ್ನಲ್ಲ.”

ಬಿಚ್ಚಲಿಲ್ಲ. ನಾನೇ ಚೀಲ ಕಿತ್ತುಕೊಂಡು ಎಲ್ಲರೆದುರು ತಲೆಕೆಳಗು ಮಾಡಿದೆ. ಬುತ್ತಿ ಡಬ್ಬಿ, ಎಲೆಅಡಿಕೆ ಸಂಚಿ, ಆಮೇಲೆ ಹಳೇ ಬಟ್ಟೆಯ ಗಂಟು ಬಿತ್ತು. ಗಂಟಿನಲ್ಲಿ ಎಳೆ ಬೀನ್ಸಿತ್ತು. ನನಗೆ ಗೆದ್ದಂತಾಯಿತು.

“ಕಳ್ಳಿ! ನಿನ್ನಿಂದ ನನ್ನ ಒಂದು ವರ್ಷದ ಕೆಲಸ ಹಾಳಾಯ್ತು.”

ಅವಳ ಮುಖ ಕಪ್ಪಿಟ್ಟಿತು. ಮೇಡಮ್ಮೋರೇ ಎನ್ನುವುದು ಅಲ್ಲಿಗೇ ನಿಂತಿತು.

“ಒಂದ್ ಹೊತ್ತಿನ ಸಾರಿಗೆ ಕಿತ್ಕಂಡೀನಿ, ಹೌದು. ಹನ್ನೆರಡು ಸಾಲು ಐತೆ, ಏಳನೇದೇ ಯಾಕೆ ಕಿತ್ತೆ ಅಂತ ಕೇಳು. ನೀನು ಬೆಳ್ಸಿದ್ ಕಾಯಿನ ನೀನು ಒಂದಿನಾನಾರ ಬೇಯಿಸಿ ತಿಂದೀಯಾ? ಆ ಮೂರನೇ ಸಾಲಿಂದು ಬರೀ ನಾರು. ದನಾನೂ ಮೂಸಾಕಿಲ್ಲ.”

“ನಾಳೆಯಿಂದ ಬರಬೇಡ,” ಎಂದೆ.

“ನೀನು ಕರೆದ್ರೂ ಬರಾಕಿಲ್ಲ ಹೋಗ್ ಮಾರಾಯ್ತಿ,” ಎಂದು ಡಬ್ಬಿ, ಸಂಚಿ ಆರಿಸಿಕೊಂಡು ನಡೆದಳು. ಉಳಿದವರೂ ಅವಳ ಹಿಂದೆ ಹೋದರು.

ನೆಲಕ್ಕೆ ಬಿದ್ದ ಕಾಯಿಯನ್ನು ಸಾಕ್ಷಿಗೆಂದು ಎತ್ತಿಕೊಂಡೆ. ಹೊರಡುವ ಮುಂಚೆ, ಏನು ತೋಚಿತೋ, ಮೂರನೆಯ ಸಾಲಿನಿಂದಲೂ ಒಂದು ಹಿಡಿ ಕಿತ್ತುಕೊಂಡೆ. ನೋಡಲು ಯಾರೂ ಇರಲಿಲ್ಲ.

ಅಪ್ಪ ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಕೆಲಸಗಾರ; ಅಪ್ಪ ಅಮ್ಮ ಆಗ ಅಲ್ಲೇ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದರು. ಅಲ್ಲಿಗೆ ಹೋಗಿ, ಎರಡನ್ನೂ ಬೇರೆಬೇರೆ ಪಲ್ಯ ಮಾಡು ಎಂದು ಅಮ್ಮನಿಗೆ ಕೊಟ್ಟೆ. ಏಳನೆಯ ಸಾಲಿನದು ಬೆಣ್ಣೆಯಂತೆ ಬೆಂದಿತ್ತು. ಮೂರನೆಯದನ್ನು ಅಪ್ಪ ಎರಡು ಸಲ ಅಗಿದು, ಬಾಯಿಂದ ನಾರು ಎಳೆದು ತಟ್ಟೆಯಂಚಿಗಿಟ್ಟರು.

“ಇದೇನೇ, ಹಗ್ಗಾನಾ?”

ನಗು ಬರಬೇಕಿತ್ತು, ಬರಲಿಲ್ಲ. ನಡೆದದ್ದನ್ನು ಹೇಳಿದೆ. ಕಳ್ಳಿಯನ್ನು ಹಿಡಿದ ನನ್ನ ಜಾಣತನ ಮೆಚ್ಚುತ್ತಾರೆಂದು ಇನ್ನೂ ಒಳಗೊಳಗೇ ಆಸೆಯಿತ್ತು. ಅಪ್ಪ ಊಟ ನಿಲ್ಲಿಸಿದರು.

“ನಾನು ದಿನಾ ಕೆಲಸದಿಂದ ಹೊರಗೆ ಬರೋವಾಗ ಗೇಟಲ್ಲಿ ಕಾವಲಿನವನಿಗೆ ಊಟದ ಡಬ್ಬಿ ಬಿಚ್ಚಿ ತೋರಿಸ್ತೀನಿ. ಇಷ್ಟು ವರ್ಷ ಆಯ್ತು, ಒಂದಿನಾನೂ ಅದು ಅಭ್ಯಾಸ ಆಗಿಲ್ಲ. ನನ್ನ ಮಗಳು ಇನ್ನೊಬ್ರ ಡಬ್ಬಿ ನೆಲಕ್ಕೆ ಸುರಿದು ಬಂದಿದಾಳೆ,” ಎಂದು ಕೈತೊಳೆಯಲು ಎದ್ದರು.

ಕೊಯ್ಲಿಗೆ ಯಾರೂ ಬರಲಿಲ್ಲ. ಜಮೀನಿನ ಯಜಮಾನರು ನನ್ನ ಮೇಲೆಯೇ ರೇಗಿದರು. “ನೀವು ಗಿಡಕ್ಕೆ ಚೀಟಿ ಕಟ್ಟಿ ಶಿವಮೊಗ್ಗಕ್ಕೆ ಹೋಗ್ತೀರಿ ಮೇಡಂ. ನನ್ನ ಗದ್ದೆ ನಾಟಿಗೆ ಅವಳೇ ಬೇಕು. ಊರಲ್ಲಿ ನನ್ನ ಹೆಸರು ಕೆಡಿಸಿದ್ರಿ.” ಒಬ್ಬಳೇ ಮೂರು ದಿನ ಬಿಸಿಲಲ್ಲಿ ಕಿತ್ತೆ. ಅಪ್ಪನನ್ನು ಕರೆಯಲು ಬಾಯಿ ಬರಲಿಲ್ಲ.

ತೂಕ ಮುಗಿದಾಗ ಮೂರನೆಯ ತಳಿ ಮೂರೂ ಜಾಗದಲ್ಲಿ ಸ್ಥಿರವಾಗಿತ್ತು. ಏಳನೆಯದು ಶಿವಮೊಗ್ಗದಲ್ಲಿ ಚೆನ್ನಾಗಿದ್ದು ಭದ್ರಾವತಿಯಲ್ಲಿ ನೆಲಕಚ್ಚಿತ್ತು. ನಮ್ಮ ಹಿರಿಯ ವಿಜ್ಞಾನಿಗಳು ಖುಷಿಯಾದರು. ನಾನು ಕಾರಣ ಹೇಳಿದೆ: “ಸರ್, ಏಳನೇದು ಅಲ್ಲಿ ಕಮ್ಮಿ ಬಂದಿದ್ದು ಮಣ್ಣಿಂದಲ್ಲ. ರುಚಿಯಾಗಿತ್ತು, ಕಿತ್ಕೊಂಡು ತಿಂದಿದಾರೆ. ಮೂರನೇದನ್ನ ಯಾರೂ ಮುಟ್ಟಿಲ್ಲ.”

“ಕೂಲಿಯೋರ ಬಾಯಿರುಚಿಗೆ ನಮ್ಮ ಲೆಕ್ಕದ ಪಟ್ಟಿಯಲ್ಲಿ ಜಾಗ ಇಲ್ಲಮ್ಮ. ಕಳವಾಯ್ತು ಅಂತ ಬರೆದ್ರೆ ಆ ಜಾಗದ ಲೆಕ್ಕ ಪೂರ್ತಿ ರದ್ದು. ಕಾವಲಿದ್ದವಳು ನೀನು. ಬರೀಲಾ?”

ಬೇಡ ಸರ್, ಎಂದೆ. ವರದಿ ಹಾಗೆಯೇ ಹೋಯಿತು.

ಮುಂದಿನ ಬಿತ್ತನೆಗೆ ಮುಂಚೆ ನಾನು ಆ ಹೆಂಗಸಿನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಿದ್ದಳು. ಕೂರು ಎನ್ನಲಿಲ್ಲ, ನೀರು ಬೇಕಾ ಎಂದೂ ಕೇಳಲಿಲ್ಲ.

“ತಪ್ಪಾಯ್ತು. ಕೆಲಸಕ್ಕೆ ಬನ್ನಿ. ಈ ಸಲ ನಿಮಗೇ ಅಂತ ಅಂಚಿಗೆ ಎರಡು ಸಾಲು ಏಳನೇದು ಹಾಕಿಸ್ತೀನಿ,” ಎಂದೆ. ಬಹುವಚನ ನನ್ನ ಬಾಯಲ್ಲಿ ತೊದಲಿತು.

ಕೊಡಲಿ ನಿಲ್ಲಿಸಿದಳು. “ಆವತ್ತು ನಮ್ಮೂರ ಆರ್ ಜನದ ಎದ್ರಿಗೆ ಕಳ್ಳಿ ಅಂದಿ. ಇವತ್ತು ಒಬ್ಬಳೇ ಬಂದು ತಪ್ಪಾಯ್ತು ಅಂತೀಯ. ಆ ಆರ್ ಜನಾನೂ ಕರ್ಕಂಬಾ, ಆಮೇಲೆ ಹೇಳು. ಕಾಯಿ ನಿನ್ನ ಹತ್ರಾನೇ ಮಡಿಕ್ಕೋ.”

ನನಗೆ ನಾಚಿಕೆಯ ಜೊತೆ ಮತ್ತೆ ಸಿಟ್ಟೂ ಬಂತು. ಇಷ್ಟು ತಗ್ಗಿದರೂ ಸಾಲದೇ ಎನ್ನಿಸಿತು. ಆರು ಜನರನ್ನು ನಾನು ಕರೆಯಲಿಲ್ಲ. ಕರೆಯಬಹುದಿತ್ತು, ಅವರ ಮನೆಗಳು ಅದೇ ಬೀದಿಯಲ್ಲಿದ್ದವು. ತಿರುಗಿ ನೋಡದೆ ಬಸ್ಸಿಗೆ ನಡೆದೆ.

ಆ ವರ್ಷ ಬೇರೆ ಊರಿನವರಿಂದ ಕೆಲಸ ಮಾಡಿಸಿದೆ, ಕಾವಲಿಗೂ ಜನ ಹಾಕಿದೆ. ಯಾರೂ ಕೀಳದ ಏಳನೆಯ ತಳಿ ಮೂರೂ ಕಡೆ ಸಮನಾಗಿ ಬಂತು. ಮೂರನೆಯದಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೆ. ಅಷ್ಟರಲ್ಲಿ ಮೂರನೆಯದರ ಬೀಜ ರೈತರಿಗೆ ಹಂಚಿಯಾಗಿತ್ತು. ಒಯ್ದವರು ಎರಡನೆಯ ವರ್ಷ ಕೇಳಿಕೊಂಡು ಬರಲಿಲ್ಲ. ರೈತರಿಗೆ ಹೊಸತು ಒಗ್ಗುವುದಿಲ್ಲ ಎಂದು ನಮ್ಮ ಹಿರಿಯರು ಸಭೆಯಲ್ಲಿ ಹೇಳಿದರು. ನಾನು ಅವರ ಪಕ್ಕದಲ್ಲೇ ಕುಳಿತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.