ಹಿಂದಿ ಮೇಷ್ಟ್ರನ್ನು ಕಳಿಸು ಎಂದು ಬೇಡಿಕೊಂಡೆ

ತಿಂಥಣಿ ಮೌನಪ್ಪನಿಗೆ ನಡೆದುಕೊಳ್ಳುವ ಎಲ್ಲ ಭಕ್ತರಿಗೂ ಭಾಗ್ಯಳ ಶರಣು. ನನಗೆ ಬರೆದು ಅಭ್ಯಾಸವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹತ್ತನೇ ತರಗತಿ ಪರೀಕ್ಷೆ ಮುಗಿಸಿದ ಬೇಸಿಗೆಯಲ್ಲಿ ನನ್ನ ಅಮ್ಮ ಕಾಮಾಲೆಯಿಂದ ತೀರಿಕೊಂಡಳು. ಅಪ್ಪ ನನಗೆ ತಿಳಿವಳಿಕೆ ಬರುವ ಮೊದಲೇ ಹೋಗಿದ್ದ. ನಮ್ಮ ಊರು ತೆಲಂಗಾಣದಲ್ಲಿ, ನಾರಾಯಣಪೇಟೆಯ ಆಚೆ. ಅಮ್ಮ ಸುರಪುರದ ಮಗಳು, ಆದರೆ ನನ್ನ ಜೊತೆ ಆಡುತ್ತಿದ್ದದ್ದು ತೆಲುಗು. ಅಜ್ಜ ಅಜ್ಜಿ ಹೋದ ಮೇಲೆ ಅವಳು ತವರಿಗೆ ಬರುವುದೂ ನಿಂತಿತ್ತು. ಹಾಗಾಗಿ ಕನ್ನಡ ನನ್ನ ಕಿವಿಗೆ ಬಿದ್ದೇ ಇರಲಿಲ್ಲ ಎನ್ನಬೇಕು.

ದಿನಕರ್ಮ ಮುಗಿದ ಮೇಲೆ ಸೋದರಮಾವ ಬಂದು ನನ್ನನ್ನು ಕರೆದುಕೊಂಡು ಹೊರಟರು. ಯಾದಗಿರಿಯಲ್ಲಿ ಬಸ್ಸು ಬದಲಿಸಿ, ಶಹಾಪುರ ದಾಟಿ, ಸುರಪುರದ ಕಲ್ಲುಗುಡ್ಡಗಳು ಕಾಣುವವರೆಗೂ ನಾವಿಬ್ಬರೂ ಮಾತಾಡಲಿಲ್ಲ. ಅವರಿಗೆ ತೆಲುಗು ಬಾರದು, ನನಗೆ ಕನ್ನಡ ಬಾರದು. ಶಹಾಪುರದಲ್ಲಿ ಬಸ್ಸು ನಿಂತಾಗ ಇಳಿದು ಹೋಗಿ ಬಾಳೆಹಣ್ಣು ತಂದು ನನ್ನ ಮಡಿಲಲ್ಲಿಟ್ಟರು. ಅದೇ ನಮ್ಮ ಮಾತು.

ಮಾವನದು ಹಿಟ್ಟಿನ ಗಿರಣಿ. ಅವರೂ ನೀಲಮ್ಮ ಅತ್ತೆಯೂ ನನ್ನನ್ನು ಮನೆಮಗಳ ಹಾಗೆ ನೋಡಿದರು. ಓದು ಬಿಡಿಸಬಾರದು ಎಂದು ಮಾವನಿಗೆ ಹಟವಿತ್ತು. ಹೊರರಾಜ್ಯದ ಹುಡುಗಿಯಾದ್ದರಿಂದ ಅರ್ಹತಾ ಪತ್ರ ಬೇಕೆಂದಾಗ ಗಿರಣಿ ಮುಚ್ಚಿ ಯಾದಗಿರಿಗೆ ಅಲೆದು ತಂದರು. ಪಿಯು ಕಾಲೇಜಿನಲ್ಲಿ ಹೆಸರು ಹಚ್ಚುವ ದಿನ ಅಲ್ಲಿ ಆದ ಮಾತು ನನಗೆ ಆಗ ತಿಳಿಯಲಿಲ್ಲ. ಎಷ್ಟೋ ತಿಂಗಳ ಮೇಲೆ ಮಾವನೇ ಹೇಳಿದ್ದು.

"ನಾಲ್ಕು ಐಚ್ಛಿಕ ವಿಷಯ, ಎರಡು ಭಾಷಾ ತಗೋಬೇಕ್ರಿ. ಇಂಗ್ಲಿಷ್ ಅಂತೂ ಇದ್ದದ್ದ. ಎರಡನೇದು ಏನ್ ಬರೀಲಿ?" ಎಂದು ಅಲ್ಲಿದ್ದ ಉಪನ್ಯಾಸಕರು ಕೇಳಿದರಂತೆ.

"ಹುಡುಗಿ ಹಿಂದಿ ಓದ್ಯಾಳ್ರಿ. ಹಿಂದಿ ಬರೀರಿ."

"ಹಿಂದಿ ಸರ್ ವರ್ಗ ಆಗಿ ಹೋಗ್ಯಾರ. ಜಾಗ ಖಾಲಿ ಅದ. ಈಗ ಕನ್ನಡ ಒಂದ."

"ಆಕಿಗಿ ಕನ್ನಡ ಬರಂಗಿಲ್ರಿ."

"ಸುರಪುರದಾಗ ಇದ್ದು ಕನ್ನಡ ಕಲೀಲಾರ್ದ ಎಲ್ಲಿ ಹೋಗ್ತಾಳ ಬಿಡ್ರಿ!"

ಹೀಗೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಜೊತೆಗೆ ಇಂಗ್ಲಿಷು ಮತ್ತು ಕನ್ನಡ ನನ್ನ ಪಾಲಿಗೆ ಬಂದವು. ಇಂಗ್ಲಿಷ್ ಬಿಟ್ಟು ಎಲ್ಲ ಪಾಠವೂ ಕನ್ನಡದಲ್ಲೇ.

ಕನ್ನಡದ ಅಕ್ಷರ ತೆಲುಗಿನ ಅಕ್ಷರಕ್ಕೆ ಅಕ್ಕ-ತಂಗಿ ಇದ್ದ ಹಾಗೆ. ಸ್ವಲ್ಪ ದಿನದಲ್ಲೇ ನನಗೆ ಓದಲು ಬಂತು, ಆದರೆ ಓದಿದ್ದು ಏನೆಂದು ತಿಳಿಯುತ್ತಿರಲಿಲ್ಲ. ಒಂದು ದಿನ ಕನ್ನಡ ಮೇಡಂ ನನ್ನನ್ನು ಎಬ್ಬಿಸಿ ಪಾಠ ಓದಿಸಿದರು. ಎಲ್ಲಿಯೂ ತಡವರಿಸದೆ ಓದಿದೆ. "ಛಲೋ ಓದಿದಿ. ಈಗ ಅರ್ಥ ಹೇಳು" ಎಂದರು. ನಾನು ನಿಂತೇ ಇದ್ದೆ. ಹಿಂದಿನಿಂದ ಯಾರೋ ನಕ್ಕರು, ಆಮೇಲೆ ಕೋಣೆಯೆಲ್ಲ ನಕ್ಕಿತು. ಅವರು ಕೆಟ್ಟವರಲ್ಲ, ನಗುವ ವಯಸ್ಸು. ಆದರೆ ಆ ದಿನದಿಂದ ನನ್ನ ಬಾಯಿ ಕಟ್ಟಿಹೋಯಿತು. ಮಾತಾಡಿಸಲು ಬಂದ ಹುಡುಗಿಯರಿಗೂ ತಲೆ ಮಾತ್ರ ಆಡಿಸುತ್ತಿದ್ದೆ. ಕ್ರಮೇಣ ಅವರೂ ಬರುವುದು ಬಿಟ್ಟರು.

ಹಲಗೆಯ ಮೇಲಿನ ಇತಿಹಾಸದ ನೋಟ್ಸನ್ನು ಚಿತ್ರ ಬಿಡಿಸುವ ಹಾಗೆ ನೋಡಿ ನೋಡಿ ಇಳಿಸಿಕೊಳ್ಳುತ್ತಿದ್ದೆ. ಸಂಜೆ ಗಿರಣಿಗೆ ಹೋಗಿ ಜೋಳದ ಚೀಲಗಳ ಪಕ್ಕ ಕೂರುತ್ತಿದ್ದೆ. ಗಿರಣಿ ಓಡುವಾಗ ಅಲ್ಲಿ ಯಾರೂ ಮಾತಾಡುವುದಿಲ್ಲ. ಆ ಸದ್ದಿನಲ್ಲಿ ನಾನೂ ಎಲ್ಲರ ಹಾಗೆಯೇ ಇರುತ್ತಿದ್ದೆ. ಕೆಲವೊಮ್ಮೆ ಸದ್ದಿನೊಳಗೆ ಗಟ್ಟಿಯಾಗಿ ತೆಲುಗಿನಲ್ಲಿ ಅಮ್ಮನನ್ನು ಕರೆಯುತ್ತಿದ್ದೆ. ಯಾರಿಗೂ ಕೇಳುತ್ತಿರಲಿಲ್ಲ.

ಶ್ರಾವಣದ ಅಮಾವಾಸ್ಯೆಗೆ ಅತ್ತೆ ನನ್ನನ್ನು ತಿಂಥಣಿಗೆ ಕರೆದೊಯ್ದರು. ಕೃಷ್ಣೆಯಲ್ಲಿ ಕಾಲು ತೊಳೆದು ಗುಡಿಯೊಳಗೆ ನಿಂತಾಗ ಅವರು ನಿಧಾನವಾಗಿ, ನನಗೆ ತಿಳಿಯುವ ಹಾಗೆ ಕೈಸನ್ನೆ ಮಾಡುತ್ತ ಹೇಳಿದರು: "ಏನ್ ಬೇಕು ಕೇಳ್ಕೋ. ಮೌನಪ್ಪಗ ಎಲ್ಲಾ ಭಾಷಾ ತಿಳಿತಾವ." ನಾನು ತುಟಿಯೊಳಗೇ ತೆಲುಗಿನಲ್ಲಿ ಬೇಡಿಕೊಂಡೆ: ತಂದೆ, ನಮ್ಮ ಕಾಲೇಜಿಗೆ ಹಿಂದಿ ಮೇಷ್ಟ್ರನ್ನು ಕಳಿಸು. ಬೇರೇನೂ ಬೇಡ. ಅಂದಿನಿಂದ ದಿನಾ ದೀಪ ಹಚ್ಚುವಾಗ ಅದೊಂದೇ ಬೇಡಿಕೆ.

ದಸರಾ ರಜೆ ಮುಗಿದು ಕಾಲೇಜಿಗೆ ಹೋದರೆ, ಹಿಂದಿ ಮೇಷ್ಟ್ರು ಬಂದಿದ್ದರು! ಆಫೀಸಿಗೆ ಓಡಿದೆ. ಹಿಂದಿ, ಹಿಂದಿ ಎಂದಷ್ಟೇ ಹೇಳಲು ಬಂತು. ಅಲ್ಲಿದ್ದವರು ನನ್ನ ಮುಖ ನೋಡಿ ಕನಿಕರದಿಂದಲೇ ಹೇಳಿದರು: "ಭಾಷಾ ಬದಲಿ ಮಾಡೋ ಗಡುವು ಮುಗದದ ತಂಗಿ. ಸರ್ ಬಂದಿದ್ದು ಮುಂದಿನ ವರ್ಷ ಬರೋರಿಗಿ ಆತು." ಅಷ್ಟು ಹೊತ್ತಿಗೆ ನನಗೆ ಕನ್ನಡ ಒಂದಿಷ್ಟು ತಿಳಿಯತೊಡಗಿತ್ತು. ಅವತ್ತು ತಿಳಿಯದೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು.

ಆಮೇಲೆ ಕಾಲೇಜಿನ ಮೇಲಿನ ಮನಸ್ಸೇ ಹೋಯಿತು. ಮನೆಯಿಂದ ಹೊರಟು ಊರಾಚೆಯ ಬಂಡೆಗಲ್ಲುಗಳ ನೆರಳಿನಲ್ಲಿ ಕೂತು, ಬಿಡುವ ಹೊತ್ತಿಗೆ ಮನೆಗೆ ಬರುತ್ತಿದ್ದೆ. ಒಂದು ದಿನ ಹೋದಾಗ ಕನ್ನಡ ಮೇಡಂ ಬಾಗಿಲಲ್ಲೇ ತಡೆದರು. "ಹಾಜರಿ ನೂರಕ್ಕ ಎಪ್ಪತ್ತೈದು ಇರ್ಲಿಕ್ಕಂದ್ರ ಪರೀಕ್ಷಾಕ್ಕ ಕೂಡಸಂಗಿಲ್ಲ. ನಾಳಿ ನಿಮ್ಮ ಮಾವನ್ನ ಕರ್ಕೊಂಡು ಬಾ." ಮನೆಯಲ್ಲಿ ಹೇಳಲು ನನಗೆ ಧೈರ್ಯವಾಗಲಿಲ್ಲ. ಹೇಳಬೇಕಾದ ಮಾತುಗಳೂ ನನ್ನಲ್ಲಿರಲಿಲ್ಲ.

ಮರುದಿನ ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡೇ ತಿಂಥಣಿಯ ಮೇಲೆ ಹೋಗುವ ಲಿಂಗಸುಗೂರು ಬಸ್ಸು ಹತ್ತಿದೆ. ಎಲ್ಲ ಹೆಂಗಸರೂ ಆಧಾರ್ ತೋರಿಸಿ ಉಚಿತ ಟಿಕೆಟ್ ಪಡೆದರು. ಕಂಡಕ್ಟರ್ ನನ್ನ ಕಾರ್ಡು ತಿರುಗಿಸಿ ನೋಡಿ, "ಇದು ನಡಿಯಂಗಿಲ್ಲವಾ. ನೀ ಆ ರಾಜ್ಯದಾಕಿ" ಎಂದು ರೊಕ್ಕ ಕೇಳಿದರು. ನಿಯಮದ ಮಾತು, ತಪ್ಪೇನಿಲ್ಲ. ಆದರೆ ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತುಬಿಟ್ಟೆ. ಆ ರಾಜ್ಯದಲ್ಲಿ ನನ್ನವರು ಯಾರೂ ಉಳಿದಿರಲಿಲ್ಲ.

ಗುಡಿಯೊಳಗೆ ಮಂದಿ ಹೆಚ್ಚಿರಲಿಲ್ಲ. ಆ ದಿನ ಬೇಡಲಿಲ್ಲ, ಜಗಳ ಮಾಡಿದೆ. ಕಳಿಸಿದ್ದೇನೋ ಕಳಿಸಿದೆ, ನನಗೆ ಉಪಯೋಗಕ್ಕೆ ಬಾರದ ಹಾಗೆ ಯಾಕೆ ಕಳಿಸಿದೆ? ಆಡಿಸುವುದಕ್ಕೆ ನಾನೊಬ್ಬಳೇ ಸಿಕ್ಕೆನೆ?

ಹೊರಗೆ ಕೂಗು ಕೇಳಿತು. ಪ್ರಾಂಗಣದಲ್ಲಿ ತುಂಬುಬಸುರಿಯೊಬ್ಬಳು ಕುಸಿದಿದ್ದಳು. ಕೈಕಾಲು ಸೆಟೆದು ನಡುಗುತ್ತಿದ್ದವು. ಪಕ್ಕದಲ್ಲಿ ಅವಳ ಅತ್ತೆ, ಮುದುಕಿ, ಎದೆ ಬಡಿದುಕೊಂಡು ತೆಲುಗಿನಲ್ಲಿ ಅಳುತ್ತಿದ್ದಳು. ಸುತ್ತ ನಿಂತವರಿಗೆ ಅವಳ ಒಂದು ಮಾತೂ ತಿಳಿಯುತ್ತಿರಲಿಲ್ಲ. ನಾನು ಹತ್ತಿರ ಹೋಗಿ ಏನಾಯಿತೆಂದು ಕೇಳಿದೆ. ಮುದುಕಿ ನನ್ನ ಕೈ ಹಿಡಿದಳು. "ನೀಕು ತೆಲುಗು ವಚ್ಚಾ, ತಲ್ಲೀ?" ನಿನಗೆ ತೆಲುಗು ಬರುತ್ತದೆಯಾ ತಾಯಿ ಎಂದಳು. ಆಮೇಲೆ ಕೈ ಬಿಡಲೇ ಇಲ್ಲ. ಯಾರೋ ಕರೆಸಿದ ಆಂಬುಲೆನ್ಸಿಗೆ ನನ್ನನ್ನೂ ಎಳೆದುಕೊಂಡೇ ಹತ್ತಿದಳು.

ಸುರಪುರದ ಆಸ್ಪತ್ರೆಯಲ್ಲಿ ನರ್ಸಮ್ಮ ರಕ್ತದೊತ್ತಡ ನೋಡಿ ಗಾಬರಿಯಾದರು. "ಯಾವಾಗಿಂದ ಹಿಂಗದ? ತಲಿನೋವು ಇತ್ತೇನು? ಬಿಪಿ ಗುಳಿಗಿ ಕೊಟ್ಟಿದ್ರೇನು? ಲಗೂ ಕೇಳವಾ!"

ನಾನು ಮುದುಕಿಯನ್ನು ಕೇಳಿದೆ. ಅವಳು ಹೇಳಿದ್ದನ್ನು ನರ್ಸಮ್ಮನ ಕಡೆ ತಿರುಗಿ ಹೇಳಿದೆ: "ನಿನ್ನೆಯಿಂದ ತಲಿ ಸಿಡಿಯಾಕತ್ತದಂತ್ರಿ. ಮುಂಜಾನಿ ಕಣ್ಣು ಮಂಜಾಗ್ಯಾವಂತ. ಗುಳಿಗಿ ಕೊಟ್ಟಿದ್ರಂತ್ರಿ, ಹರಕಿ ಉಪವಾಸ ಅಂತ ಬಿಟ್ಟಾಳಂತ."

ಒಳಗೆ ಬಂದ ಡಾಕ್ಟರು ಮತ್ತೆ ಕೇಳಿದರು, ಮತ್ತೆ ಹೇಳಿದೆ. ಎಷ್ಟು ತಿಂಗಳು, ಎಷ್ಟನೇ ಬಸುರು, ಮೊದಲು ಹೀಗಾಗಿತ್ತೇ, ಎಲ್ಲವನ್ನೂ ಅತ್ತಿಂದಿತ್ತ ದಾಟಿಸಿದೆ. ಇಂಜೆಕ್ಷನ್ ಕೊಟ್ಟು, ನಡುಕ ನಿಂತ ಮೇಲೆ ಯಾದಗಿರಿಯ ದೊಡ್ಡ ಆಸ್ಪತ್ರೆಗೆ ಕಳಿಸಲು ಸಿದ್ಧ ಮಾಡಿದರು. ಮುದುಕಿಗೆ ಅಲ್ಲಿ ಏನು ಹೇಳಬೇಕೆಂದು ತಿಳಿಸಿ, ಬೇಕಾದರೆ ಇರಲಿ ಎಂದು ಮಾವನ ಫೋನ್ ನಂಬರ್ ಕೊಟ್ಟೆ.

ಆಂಬುಲೆನ್ಸು ಹೊರಟ ಮೇಲೆ ನರ್ಸಮ್ಮ ಬೆವರು ಒರೆಸಿಕೊಳ್ಳುತ್ತ ಕೇಳಿದರು: "ನೀ ಇರಲಿಲ್ಲಂದ್ರ ನಮಗ ಏನೂ ತಿಳೀತಿದ್ದಿಲ್ಲ. ಯಾವೂರಾಕಿ ನೀ? ಇಲ್ಲೇ ಸುರಪುರದಾಕಿ ಏನು?"

"ಹೌದ್ರಿ" ಎಂದೆ.

ಅಂದ ಮೇಲೆ ನಾನು ಮಾತಾಡಿದ್ದೇನೆಂದು ನನಗೆ ತಿಳಿಯಿತು. ಅಷ್ಟು ಹೊತ್ತೂ ಕನ್ನಡ ಆಡಿದ್ದೆ, ಒಬ್ಬರೂ ನಕ್ಕಿರಲಿಲ್ಲ. ಆಸ್ಪತ್ರೆಯ ಹೊರಗಿನ ಬೇವಿನ ಮರದ ಕೆಳಗೆ ಕೂತು ಮೌನಪ್ಪನ ಹೆಸರು ಹೇಳಿದೆ.

ಮರುದಿನ ಗಿರಣಿಯಲ್ಲಿದ್ದಾಗ ಮಾವನಿಗೆ ಫೋನು ಬಂತು. ಮಾವ ಗಿರಣಿ ನಿಲ್ಲಿಸಿ, ಕಿವಿಗಿಟ್ಟು, ಕಕ್ಕಾಬಿಕ್ಕಿಯಾಗಿ ನನ್ನ ಕೈಗೆ ಕೊಟ್ಟರು. "ಯಾರೋ ತೆಲುಗರು. ಅಳಾಕತ್ಯಾರ." ಮುದುಕಿಯೇ. ಆಪರೇಷನ್ ಮಾಡಿ ಮಗು ತೆಗೆದಿದ್ದರು. ಹೆಣ್ಣುಮಗು, ಸಣ್ಣದು, ಗಾಜಿನ ಪೆಟ್ಟಿಗೆಯಲ್ಲಿದೆ. ತಾಯಿ ಕಣ್ಣು ಬಿಟ್ಟು ನೀರು ಕೇಳಿದಳಂತೆ. ನನಗೂ ಅಳು ಬಂತು.

"ಏನಾಗ್ಯದ?" ಎಂದು ಮಾವ ಕೇಳಿದಾಗ ಎಲ್ಲ ಹೇಳಿದೆ. ಬಂಡೆಗಲ್ಲಿನ ನೆರಳು, ಹಾಜರಿ, ತಿಂಥಣಿ, ಆಸ್ಪತ್ರೆ. ತಪ್ಪು ತಪ್ಪಾಗಿಯೇ, ಆದರೆ ಕನ್ನಡದಲ್ಲಿ. ಮಾವ ಬೈಯಲಿಲ್ಲ. ನನ್ನ ಬಾಯನ್ನೇ ನೋಡುತ್ತ ನಿಂತಿದ್ದರು. "ನಮ್ಮಕ್ಕನ ದನೀನ ಅದ ನಿಂದು" ಎಂದು ಮುಖ ತಿರುಗಿಸಿ ಗಿರಣಿ ಚಾಲು ಮಾಡಿದರು.

ಆ ಸಂಜೆ ಅತ್ತೆ ರೊಟ್ಟಿ ಬಡಿಯುತ್ತ ಒಂದು ಮಾತು ಹೇಳಿದರು. "ನಿಮ್ಮವ್ವ ಪಂಚಮಿಗಿ ತವರಿಗಿ ಬಂದ್ರ ಬಾಯಿ ಮುಚ್ತಿದ್ದಿಲ್ಲ. ಹಗಲೆಲ್ಲಾ ಮಾತು, ಮಲಗಿದ್ರೂ ಮಾತು. ನಾನ ಒಮ್ಮೆ 'ತುಸು ಸುಮ್ಮಕಿರವಾ' ಅಂದು ನಕ್ಕಿದ್ದೆ. ಅಲ್ಲಿ ಆಕಿ ಜೋಡಿ ಕನ್ನಡ ಆಡೋರು ಯಾರೂ ಇದ್ದಿದ್ದಿಲ್ಲಂತ ಈಗ ತಿಳೀತದ ನೋಡು."

ನನ್ನ ಅಮ್ಮ ನಮ್ಮ ಊರಿನಲ್ಲಿ ಮಾತು ಕಡಿಮೆ ಇದ್ದ ಹೆಂಗಸು. ಅವಳ ಸ್ವಭಾವವೇ ಹಾಗೆ ಎಂದು ನಾನು ತಿಳಿದಿದ್ದೆ.

ಮಾವ ಕಾಲೇಜಿಗೆ ಬಂದರು. ನಾನೇ ಮೇಡಂ ಮುಂದೆ ನಿಂತು, ತಪ್ಪಾಯ್ತ್ರಿ, ಇನ್ನ ತಪ್ಪಿಸಂಗಿಲ್ರಿ ಎಂದೆ. ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅಲ್ಲ, ನಿನಗ ಬಾಯಿ ಅದ? ಇವತ್ತಿನಿಂದ ಒಂದ ಕ್ಲಾಸೂ ಬಿಡಬ್ಯಾಡ, ಹಾಜರಿ ಕೂಡ್ತದ. ಶನಿವಾರ ಕ್ಲಾಸ್ ಬಿಟ್ಟ ಮ್ಯಾಲ ನನ್ನ ಹತ್ರ ಬಾ." ಹಾಗೆಯೇ ಹೋದೆ. ನಕ್ಕವರು ಆಮೇಲೂ ನಕ್ಕರು, ಆದರೆ ಈಗ ನಾನೂ ಉತ್ತರ ಕೊಡುತ್ತಿದ್ದೆ. ಮೊದಲ ವರ್ಷ ಕನ್ನಡದಲ್ಲಿ ಅಂಚಿನಲ್ಲಿ ಪಾಸಾದೆ. ಎರಡನೇ ವರ್ಷ ಎಲ್ಲ ವಿಷಯಕ್ಕಿಂತ ಕನ್ನಡದಲ್ಲೇ ಹೆಚ್ಚು ಬಂತು.

ಈಗ ಯಾದಗಿರಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಶನಿವಾರ ಬಂದರೆ ಹಾಸ್ಟೆಲಿನ ಹುಡುಗಿಯರು ತಮ್ಮ ತಮ್ಮ ಅವ್ವಂದಿರ ಕಡೆ ಹೊರಡುತ್ತಾರೆ, ಕೋಣೆ ಖಾಲಿಯಾಗುತ್ತದೆ. ಒಂಟಿತನ ಹೋಯಿತೆಂದು ಬರೆದರೆ ದೇವರ ಮುಂದೆ ಸುಳ್ಳು ಹೇಳಿದ ಹಾಗೆ. ನಾನು ಬೇಡಿದ ಹಿಂದಿ ಮೇಷ್ಟ್ರನ್ನು ಅವನು ಸಕಾಲಕ್ಕೆ ಕಳಿಸಲಿಲ್ಲ. ಕಳಿಸಿದ್ದರೆ ನನ್ನ ಮಾವ, ಅತ್ತೆ ನನಗೆ ಇವತ್ತಿಗೂ ಪರಕೀಯರಾಗಿಯೇ ಇರುತ್ತಿದ್ದರು. ಅಮ್ಮ ಎಂಥ ಬಾಳು ಬಾಳಿದಳೆಂದು ನನಗೆ ತಿಳಿಯುತ್ತಲೇ ಇರಲಿಲ್ಲ. ಅವನ ಪಾದಕ್ಕೆ ನಾನು ಋಣಿ. ಬೇಡಿದ್ದು ತಡವಾಯಿತೆಂದು ಅಳುವವರು ಯಾರಾದರೂ ಇದ್ದರೆ, ಅವನ ಜೊತೆ ಜಗಳವನ್ನಾದರೂ ಮಾಡಿ, ಆದರೆ ಹೋಗುವುದನ್ನು ಬಿಡಬೇಡಿ.

ಹೋದ ಅಮಾವಾಸ್ಯೆಗೆ ಒಬ್ಬಳೇ ತಿಂಥಣಿಗೆ ಹೋಗಿದ್ದೆ. ಮಂದಿ ಬಹಳ. ನನ್ನ ಸರದಿ ಬಂದಾಗ ಬೇಡುವುದೇನೂ ನೆನಪಾಗಲಿಲ್ಲ. ಅಮ್ಮನ ಬಗ್ಗೆ ಹೇಳತೊಡಗಿದೆ. ಅವಳ ಕೈಯ ಪುಂಡಿಪಲ್ಯ, ಅವಳ ಜ್ವರ, ಕೊನೆಗೆ ಅವಳು ನೋಡಿದ ನೋಟ. ಕನ್ನಡದಲ್ಲಿ, ಬಾಯಿಬಿಟ್ಟೇ ಹೇಳುತ್ತಿದ್ದೆ.

"ಹಿಂದ ಮಂದಿ ನಿಂತಾರವಾ, ಮುಂದ ನಡಿ" ಎಂದರು ಪೂಜಾರಿ.

ಹೊರಗೆ ಬಂದೆ. ಗುಡಿ ಸುತ್ತಿ, ಮತ್ತೆ ಹೋಗಿ ಸಾಲಿನ ಕೊನೆಗೆ ನಿಂತೆ. ಹೇಳುವುದು ಇನ್ನೂ ಬಹಳ ಉಳಿದಿತ್ತು.