ಬಳೆ ಅಂಗಡಿಯ ಬಾಗಿಲ ಮೇಲಿನ ಡಬ್ಬಿ

ರಾಣೆಬೆನ್ನೂರಿನಲ್ಲಿ ನಮ್ಮ ಯಜಮಾನರ ಬಟ್ಟೆ ಅಂಗಡಿ ಇದ್ದ ಕಾಂಪ್ಲೆಕ್ಸಿನಲ್ಲೇ ಬಳೆ ಅಕ್ಕನ ಅಂಗಡಿಯೂ ಇತ್ತು. ರಸ್ತೆಗೆ ಮುಖವಾಗಿ, ಒಳ್ಳೆಯ ಜಾಗದಲ್ಲಿ. ನನ್ನ ಮದುವೆಯ ಹಸಿರು ಬಳೆ, ಎರಡು ಬಸಿರಿನ ಬಳೆ, ಎಲ್ಲ ತೊಡಿಸಿದವಳು ಅವಳೇ. ಗಂಡ ತೀರಿಕೊಂಡ ಮೇಲೆ ಆ ಮುಸ್ಲಿಂ ಹೆಣ್ಣುಮಗಳು ಮೂರು ಮಕ್ಕಳನ್ನು ಸಾಕಿದ್ದು ಆ ಅಂಗಡಿಯಿಂದಲೇ.

ಹಾಡು ಹಾಡುವ ಮೊಬೈಲು ಗಂಡಸರ ಕಿಸೆಗೆ ಬಂದ ಹೊಸತು. ಬ್ಲೂಟೂತಿನಲ್ಲಿ ಒಬ್ಬರಿಗೊಬ್ಬರು ಹಾಡು ಕಳಿಸಿ, ಆಮೇಲೆ ಬ್ಲೂಟೂತ್ ಆರಿಸುವುದನ್ನೇ ಮರೆಯುತ್ತಿದ್ದರು. ಕಾಂಪ್ಲೆಕ್ಸಿನ ಮಾಲೀಕರು ಹುಬ್ಬಳ್ಳಿಯಿಂದ ಒಬ್ಬನನ್ನು ಕರೆಸಿ ಪ್ರತಿ ಅಂಗಡಿಯ ಬಾಗಿಲ ಮೇಲೂ ಒಂದು ಡಬ್ಬಿ ಕೂರಿಸಿದರು. ಪ್ರತಿ ಫೋನಿಗೂ ಅದರದೇ ಒಂದು ನಂಬರು ಇರುತ್ತದಂತೆ, ಬ್ಲೂಟೂತ್ ಆರಿಸದ ಫೋನು ಹತ್ತಿರ ಬಂದರೆ ಡಬ್ಬಿ ಅದನ್ನು ಬರೆದುಕೊಳ್ಳುತ್ತದಂತೆ. ಹೀಗೆ ಯಾವ ಅಂಗಡಿಗೆ ಎಷ್ಟು ಜನ ಬಂದರು, ಎಷ್ಟು ಹೊತ್ತು ನಿಂತರು ಎಲ್ಲ ತಿಳಿಯುತ್ತದೆ, ಜನ ಕಡಿಮೆ ಇದ್ದವರು ರಸ್ತೆ ಕಡೆಯ ಜಾಗ ಬಿಡಬೇಕು ಎಂದರು ಮಾಲೀಕರು.

ಬಳೆ ಅಕ್ಕನ ಅಂಗಡಿಗೆ ಯಾರೂ ಬರುವುದಿಲ್ಲ ಎಂದಿತು ಡಬ್ಬಿ. ಪಕ್ಕದ ಚಹಾದಂಗಡಿಗೆ ಜಾತ್ರೆಯಷ್ಟು ಜನ ಎಂದಿತು.

ಇದರಲ್ಲಿ ತಿಳಿಯದ್ದೇನಿತ್ತು? ಕರ್ಜಗಿಯಿಂದಲೋ ಮತ್ತೆಲ್ಲಿಂದಲೋ ಸೀಮಂತಕ್ಕೆಂದು ಎಂಟು ಹತ್ತು ಹೆಂಗಸರು ಕೂಡಿ ಬಂದರೆ, ಜೊತೆಗೆ ಬಂದ ಒಬ್ಬ ಗಂಡಸು ಬಳೆ ಅಂಗಡಿಯೊಳಗೆ ಕಾಲಿಡುವುದಿಲ್ಲ. ಚಹಾದಂಗಡಿಯಲ್ಲಿ ಕೂರುತ್ತಾನೆ. ಮನೆಗೆಲ್ಲ ಇರುವ ಒಂದೇ ಫೋನು ಅವನ ಕಿಸೆಯಲ್ಲಿ. ನನಗೂ ಫೋನು ಇರಲಿಲ್ಲ.

ಇದನ್ನು ನೇರ ಹೋಗಿ ಮಾಲೀಕರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಭಜನೆ ಕೇಳುತ್ತೇನೆಂದು ಯಜಮಾನರ ಫೋನು ಇಸಿದುಕೊಂಡು, ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಅಕ್ಕನ ಬಳೆ ಪೆಟ್ಟಿಗೆಗಳ ಹಿಂದೆ ಬಚ್ಚಿಟ್ಟೆ. ಅವಳಿಗೂ ಹೇಳಲಿಲ್ಲ. ಡಬ್ಬಿ ಅದೇ ಫೋನನ್ನು ಗಳಿಗೆಗೊಮ್ಮೆ ಹೊಸ ಗಿರಾಕಿಯೆಂದು ಎಣಿಸುತ್ತದೆ ಎಂದುಕೊಂಡಿದ್ದೆ. ದೇವರ ಮುಂದೆ ದೀಪ ಹಚ್ಚುವಾಗ, ಇದು ಪುಣ್ಯದ ಕೆಲಸಕ್ಕೆ ಹೇಳಿದ ಸುಳ್ಳು ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡೆ.

ಡಬ್ಬಿಯ ಲೆಕ್ಕ ಬದಲಾಗಲಿಲ್ಲ. ಕೊನೆಗೆ ಮಾಲೀಕರ ಹತ್ತಿರ ಹೋಗಿ, ಒಳಗೆ ಕೂತ ಹೆಂಗಸರ ಕೈಯಲ್ಲಿ ಫೋನಿಲ್ಲ ಎಂಬುದನ್ನೆಲ್ಲ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ತಂಗಿ, ಮೂರು ದಿನ ಒಂದ ಫೋನು ಆ ಅಂಗಡ್ಯಾಗ ಕುಂತಿತ್ತು. ದಿನಪೂರ್ತಿ ಕುಂತದ್ದನ್ನ ಡಬ್ಬಿ ಗಿರಾಕಿ ಅನ್ನಂಗಿಲ್ಲ, ಅಂಗಡ್ಯಾವ್ರು ಅಂತ ತಗದು ಹಾಕತೈತಿ. ಅದರ ಹೆಸರೂ ಬಿದ್ದೈತಿ ನೋಡವ್ವಾ, ನಿಮ್ಮ ಬಟ್ಟಿ ಅಂಗಡಿ ಹೆಸರ."

ಯಜಮಾನರು ಫೋನಿಗೆ ಅಂಗಡಿಯ ಹೆಸರಿಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ.

"ಅದು ನಾನ ಇಟ್ಟದ್ದ್ರಿ. ತಪ್ಪಾತು. ಆದ್ರ ಈಗ ಹೇಳಿದ್ದು ಖರೇ ಐತ್ರಿ, ಸಾವ್ಕಾರ್ರ."

"ಇರಬಹುದು. ನಿಮ್ಮ ಯಾವ ಮಾತು ಖರೇ ಅನ್ಲಿ ನಾನು?"

ಅವರು ಕೆಟ್ಟವರಲ್ಲ. ಯಜಮಾನರ ಮುಂದೆ ಈ ವಿಷಯ ಎತ್ತಲಿಲ್ಲ, ಅದೊಂದು ಉಪಕಾರ. ಆದರೆ ಮುಂದಿನ ತಿಂಗಳು ಆ ಜಾಗಕ್ಕೆ ಮೊಬೈಲ್ ರಿಪೇರಿಯವನು ಬಂದ. ಬಳೆ ಅಕ್ಕ ಬ್ಯಾಡಗಿಗೆ ಹೋಗಿ, ತನ್ನ ಅಣ್ಣನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಪೆಟ್ಟಿಗೆ ಬಿಚ್ಚಿದಳು.

ಶ್ರಾವಣದಲ್ಲಿ ಬಸ್ಸು ಹತ್ತಿ ಅಲ್ಲಿಗೇ ಹೋದೆ. ಒಣಮೆಣಸಿನಕಾಯಿ ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು. ಊರು ಒಗ್ಗಿತೇ ಎಂದರೆ, ದೊಡ್ಡ ಮಗಳು ಸಾಲಿ ಬಿಟ್ಟು ಮನೆ ಕೆಲಸ ನೋಡಿಕೊಳ್ಳುತ್ತಾಳೆ, ಅದಕ್ಕೇ ತನಗೆ ಹೊರಗೆ ಕೂರಲು ಆಗುತ್ತದೆ ಎಂದಳು. ನನ್ನ ಅಂಗೈ ಒತ್ತಿ ಮಡಚಿ, ಒಂದೊಂದೇ ಬಳೆ ಏರಿಸುತ್ತಾ ಕೇಳಿದಳು:

"ನೀ ಆದ್ರೂ ನನ್ನ ಸಲುವಾಗಿ ಸಾವ್ಕಾರ್ರ ಮುಂದ ಮಾತಾಡಿದ್ಯಂತಲ್ಲ, ಅಷ್ಟ ಸಾಕ ನನಗ. ಏನಂದ್ರವಾ ಅವ್ರು?"

ಬಚ್ಚಿಟ್ಟ ಫೋನಿನ ಮಾತು ಬಾಯಿಗೆ ಬಂದಿತ್ತು. ಅವಳು ನನ್ನ ಕೈ ಹಿಡಿದುಕೊಂಡೇ ಇದ್ದಳು.

"ನಂಬಲಿಲ್ಲಕ್ಕ," ಎಂದಷ್ಟೇ ಹೇಳಿದೆ. ಯಾಕೆ ನಂಬಲಿಲ್ಲ ಎಂದು ಅವಳು ಕೇಳಲಿಲ್ಲ.