ಬಾಯಿ ತುಂಬ ಮೊಳೆ

ಆ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಸೋಫಾ ಅಕ್ಕ. ಕುಸಿದ ಕುರ್ಚಿ, ಹರಿದ ಸೋಫಾ, ಸ್ಪ್ರಿಂಗ್ ಹೊರಗೆ ಇಣುಕುವ ದಿವಾನ, ಏನೇ ತಂದು ಹಾಕಿದರೂ ಹೊಸ ಬಟ್ಟೆ ಹೊದಿಸಿ ಮದುವಣಗಿತ್ತಿ ಹಾಗೆ ಮಾಡಿ ಕಳಿಸುತ್ತಿದ್ದಳು. ತಾನು ಮಾತ್ರ ಮೂವತ್ತೈದು ದಾಟಿದರೂ ಹಾಗೇ ಉಳಿದಿದ್ದಳು. ಯಾಕೆ ಅಂತ ಕೇಳಿದವರಿಗೆ, "ನನಗೆ ಗಟ್ಟಿ ಫ್ರೇಮಿನವನು ಸಿಗಬೇಕಲ್ಲ!" ಅಂತ ನಗುತ್ತಿದ್ದಳು.

ಕೆಲಸ ಅಪ್ಪ ಕಲಿಸಿದ್ದು. ಬಲಗೈಯಲ್ಲಿ ಸುತ್ತಿಗೆ, ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿದ ಬಟ್ಟೆ. ಮೊಳೆ ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರೋದು? ಅದಕ್ಕೇ ಸಣ್ಣ ಸಣ್ಣ ಮೊಳೆಗಳನ್ನು ಬಾಯಿಗೆ ತುಂಬಿಕೊಂಡು, ನಾಲಗೆಯಲ್ಲಿ ಒಂದೊಂದನ್ನೇ ತುಟಿಗೆ ತಳ್ಳಬೇಕು. ಸುತ್ತಿಗೆಯ ಮೂತಿಯಲ್ಲಿ ಅಯಸ್ಕಾಂತ ಇರುತ್ತದೆ. ಅದು ತುಟಿಯಿಂದ ಮೊಳೆ ಎತ್ತಿಕೊಂಡು ಹೋಗಿ ಮರಕ್ಕೆ ಹೊಡೆಯುತ್ತದೆ. ಹಿಂದೊಮ್ಮೆ ಯಾರೋ ಗಿರಾಕಿಗೆ "ಹೂಂ" ಅನ್ನಲು ಹೋಗಿ ಅಪ್ಪ ಒಂದು ಮೊಳೆ ನುಂಗಿಬಿಟ್ಟಿದ್ದ. ಅದು ಹೊರಗೆ ಬರುವವರೆಗೆ ಮನೆಮಂದಿಯೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡು ಕಾದಿದ್ದರು. ಅವತ್ತಿನಿಂದ ಅಂಗಡಿಯಲ್ಲಿ ಕಾನೂನು: ಬಾಯಲ್ಲಿ ಮೊಳೆ ಇದ್ದಾಗ ಮಾತಿಲ್ಲ. ಸುತ್ತಿಗೆಯ ಹಿಡಿಯಿಂದ ಮರದ ಮೇಲೆ ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ.

ಆಮೇಲೆ ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಬಲಭಾಗವೂ ಹೋಯಿತು, ಮಾತೂ ಹೋಯಿತು. ಅಂಗಡಿಯ ಹಿಂದಿನ ಕೋಣೆಯ ಮಂಚವೇ ಅವನ ಲೋಕವಾಯಿತು. ಊಟ ಬೇಕಾ, ಫ್ಯಾನು ಹಾಕಲಾ ಅಂದರೆ ಎಡಗೈ ಬೆರಳಿನಿಂದ ಮಂಚದ ಪಟ್ಟಿಯ ಮೇಲೆ ಅದೇ ಒಂದು, ಅದೇ ಎರಡು. ತಮ್ಮ ಬೇರೆ ಬಡಾವಣೆಯಲ್ಲಿ ಹೆಂಡತಿ ಮಕ್ಕಳೊಂದಿಗಿದ್ದ. ಬಂದಾಗಲೆಲ್ಲ, "ನಮ್ಮನೆಗೆ ಬರ್ತೀಯಾಪ್ಪ?" ಅಂತ ಕೇಳುತ್ತಿದ್ದ. ಅಪ್ಪ ಎರಡು ಸಲ ಕುಟ್ಟುತ್ತಿದ್ದ. ಅಕ್ಕನ ಮುಖ ಅರಳುತ್ತಿತ್ತು.

ಸೋಫಾ ಬಟ್ಟೆಯ ಕಂಪನಿಯಿಂದ ವಾರಕ್ಕೊಮ್ಮೆ ಒಬ್ಬ ಬರುತ್ತಿದ್ದ. ದೊಡ್ಡ ಬ್ಯಾಗಿನ ತುಂಬ ಬಟ್ಟೆಯ ತುಂಡುಗಳು, ಅದಕ್ಕೇ ಬೀದಿಯವರು ಅವನಿಗೆ ಸ್ಯಾಂಪಲ್ ರಾಯ ಅಂತ ಹೆಸರಿಟ್ಟಿದ್ದರು. ಆರ್ಡರ್ ಬರೆದುಕೊಳ್ಳಲು ಐದು ನಿಮಿಷ ಸಾಕು. ಇವನು ಮಧ್ಯಾಹ್ನವೆಲ್ಲ ಸ್ಟೂಲಿನ ಮೇಲೆ ಕೂತು, ಅಪ್ಪನಿಗೆ ಪೇಪರ್ ಓದಿ ಹೇಳಿ, ಚಹಾ ಅವನೇ ಮಾಡಿ, ಇವಳ ಮುಂದೆ ಲೋಟ ಇಟ್ಟು, "ಮೇಡಂ, ಮೊಳೆ ಬಿಟ್ಟು ಬೇರೆ ಏನಾದರೂ ಬಾಯಿಗೆ ಹಾಕೊಳ್ಳಿ" ಅನ್ನುತ್ತಿದ್ದ. ಅವಳಿಗೆ ಅವನೆಂದರೆ ಪ್ರಾಣ. ಹೇಳಿರಲಿಲ್ಲ ಅಷ್ಟೆ.

ಒಂದು ದಿನ ಅವನು ಚಹಾ ಮಾಡಲಿಲ್ಲ. ಸ್ಟೂಲಿನ ಮೇಲೂ ಕೂರಲಿಲ್ಲ. ಅವಳು ಒಂದು ಕುರ್ಚಿಯ ಬೆನ್ನಿಗೆ ಬಟ್ಟೆ ಎಳೆದು ಹಿಡಿದಿದ್ದಳು, ಬಾಯಿ ತುಂಬ ಮೊಳೆ. ಪುಕ್ಕಲ ಮನುಷ್ಯ! ಅವಳು ತಿರುಗಿ ಮಾತಾಡದ ಹೊತ್ತು ನೋಡಿಯೇ ಕೇಳಿದ, "ನನ್ನ ಮದುವೆ ಆಗ್ತೀರಾ?"

ಅವಳ ಮನಸ್ಸಿನಲ್ಲಿ ಇದ್ದದ್ದು "ತಾಳಿ" ಅನ್ನುವ ಮಾತು. ಅಪ್ಪ ಒಳಗೆ ಮಲಗಿದ್ದಾನೆ, ಅವನನ್ನು ಬಿಟ್ಟು ಹೇಗೆ ಬರಲಿ, ಸ್ವಲ್ಪ ಕಾಲ ತಾಳಿ. ಆದರೆ ಸುತ್ತಿಗೆಗೆ ಗೊತ್ತಿರುವುದು ಎರಡೇ ಮಾತು. ಹೌದು ಅಂದರೆ ಅಪ್ಪನ ಕೈ ಬಿಟ್ಟ ಹಾಗೆ ಅನ್ನಿಸಿ ಅವಳು ಎರಡು ಸಲ ಕುಟ್ಟಿದಳು. ಈ ಸಾಲು ಮುಗಿಸಿ ಬಿಡಿಸಿ ಹೇಳಿದರಾಯಿತು ಅಂದುಕೊಂಡಳು. ಅಯ್ಯೋ ತಾಯಿ, ಬಟ್ಟೆ ಸಡಿಲವಾದರೆ ಮತ್ತೆ ಎಳೆಯಬಹುದಿತ್ತು, ಮೊಳೆ ಉಗಿದುಬಿಡಬಾರದಿತ್ತೇ!

ಅವನು "ಆಯ್ತು, ಬರ್ತೀನಿ" ಅಂದ. ಅವಳು ಮೊಳೆಗಳನ್ನು ಅಂಗೈಗೆ ಉಗಿದು ಬಾಗಿಲಿಗೆ ಓಡಿ ಬರುವಷ್ಟರಲ್ಲಿ ಬೀದಿ ಖಾಲಿ.

ಫೋನ್ ಇರಲಿಲ್ಲವೇ ಅಂತೀರಾ? ಇತ್ತು. ಮಾಡಿದಳು, ಅವನು ಎತ್ತಲಿಲ್ಲ. ಮುಂದಿನ ವಾರ ಕಂಪನಿಯಿಂದ ಬೇರೆ ಯಾರೋ ಬಂದ. ಅವಳಿಗೆ ರೋಷ ಉಕ್ಕಿತು. "ಒಂದು ಮಾತು ತಡೆದುಕೊಳ್ಳೋಕೆ ಆಗದವನ ಹಿಂದೆ ನಾನ್ಯಾಕೆ ಬೀಳಲಿ?" ಹೀಗೆ ಇವಳದೊಂದು ಬಿಗುಮಾನ, ಅವನದೊಂದು ಬಿಗುಮಾನ. ತಿಂಗಳುಗಳು ಉರುಳಿದವು. ಅವಳು ಹಗಲೆಲ್ಲ ಸುತ್ತಿಗೆ ಬಡಿದು, ಪಾತ್ರೆ ತೊಳೆಯುವಾಗ ನಲ್ಲಿ ಜೋರಾಗಿ ಬಿಟ್ಟು ಅಳುತ್ತಿದ್ದಳು.

ಅಪ್ಪನ ಬಾಯಿ ಹೋಗಿತ್ತು, ಕಿವಿ ಹೋಗಿರಲಿಲ್ಲ. ಅವತ್ತಿನ ಪ್ರಶ್ನೆಯನ್ನೂ ಕೇಳಿದ್ದ, ಆ ಎರಡು ಪೆಟ್ಟನ್ನೂ ಕೇಳಿದ್ದ, ಈ ಅಳುವನ್ನೂ ಕೇಳುತ್ತಿದ್ದ. ತಮ್ಮ ಬಂದು ಎಂದಿನಂತೆ, "ನಮ್ಮನೆಗೆ ಬರ್ತೀಯಾಪ್ಪ?" ಅಂದಾಗ, ಅಪ್ಪ ಒಂದೇ ಸಲ ಕುಟ್ಟಿ ಕೈ ಎದೆಯ ಮೇಲೆ ಇಟ್ಟುಕೊಂಡ.

"ಯಾಕಪ್ಪಾ? ನನ್ನ ಕೈ ಊಟ ಸಾಕಾಯ್ತಾ?" ಅವಳು ಮಂಚ ಹಿಡಿದು ಗೋಗರೆದಳು. ತಮ್ಮ, "ಬಿಡಕ್ಕ, ಸ್ವಲ್ಪ ದಿನ ನಮ್ಮ ಹತ್ತಿರ ಇರಲಿ" ಅಂತ ವ್ಯಾನು ತಂದ. ಅಂಗಡಿಯ ಮೂಲಕ ಎತ್ತಿಕೊಂಡು ಹೋಗುವಾಗ ಅಪ್ಪ ಎಡಗೈ ಚಾಚಿ ಖಾಲಿ ಸ್ಟೂಲನ್ನು ತೋರಿಸಿದ, ಆಮೇಲೆ ಅವಳನ್ನು. ತಮ್ಮನಿಗೆ ಏನೂ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ಅಪ್ಪ ತನಗೆ ದಾರಿ ಬಿಟ್ಟುಕೊಟ್ಟು ಹೊರಟಿದ್ದ.

ವ್ಯಾನು ತಿರುವು ದಾಟುವ ಮೊದಲೇ ಅವಳು ಬಿಗುಮಾನವನ್ನೆಲ್ಲ ಗಾಳಿಗೆ ತೂರಿ ಫೋನ್ ಮಾಡಿದಳು. ಈ ಸಲ ಅವನು ಎತ್ತಿದ. ಅವಳು ಉಸಿರು ಬಿಡದೆ ಎಲ್ಲ ಹೇಳಿದಳು.

"ಹೋದ ವಾರ ಒಂದು ಕಡೆ ಮಾತು ಕೊಟ್ಟುಬಿಟ್ಟೆ ಕಣ್ರೀ," ಅಂದ. "ಅವರೂ ಪಾಪದವರು, ಹಿಂದೆ ತಗೊಳ್ಳೋಕೆ ಆಗಲ್ಲ. ಅವತ್ತು ನಾನು ನಿಮ್ಮನ್ನ ಕರ್ಕೊಂಡು ಹೋಗೋಕೆ ಬಂದಿರಲಿಲ್ಲ. ನಾನೇ ಅಲ್ಲಿಗೆ ಬಂದು ಇರ್ತೀನಿ, ಅಪ್ಪನ್ನ ಇಬ್ಬರೂ ನೋಡ್ಕೊಳ್ಳೋಣ ಅಂತ ಹೇಳಬೇಕಿತ್ತು. ಅಮ್ಮನನ್ನೂ ಒಪ್ಪಿಸಿ ಬಂದಿದ್ದೆ. ಅಷ್ಟರಲ್ಲಿ ನೀವು ಬೇಡ ಅಂದಿರಿ."

ಅವಳು "ಒಳ್ಳೇದಾಗಲಿ" ಅಂದಳು.

ಅಪ್ಪನನ್ನು ವಾಪಸ್ ಕರೆತರಬಹುದಿತ್ತು. ಆದರೆ ಕರೆತಂದರೆ ಸತ್ಯ ಹೇಳಬೇಕು, ನಿನ್ನ ತ್ಯಾಗ ನೀರಿನಲ್ಲಿ ಹೋಮವಾಯಿತು ಅನ್ನಬೇಕು. ಭಾನುವಾರ ತಮ್ಮನ ಮನೆಗೆ ಹೋದಾಗ ಅಪ್ಪ ಅವಳನ್ನು ನೋಡದೆ ಅವಳ ಬೆನ್ನ ಹಿಂದೆ ಬಾಗಿಲನ್ನು ನೋಡುತ್ತಿದ್ದ. "ಬರ್ತಾರಪ್ಪ, ಮುಂದಿನ ವಾರ ಬರ್ತಾರೆ" ಅಂತ ಬಾಯಿಗೆ ಬಂದದ್ದು ಹೇಳಿದಳು. ಒಂದು ಸುಳ್ಳಿಗೆ ಇನ್ನೊಂದು ಸೇರಿತು. ಅಪ್ಪ ಊಟ ಬಿಡತೊಡಗಿದ. ಕೊನೆಗೆ ಅವಳು ಸ್ಯಾಂಪಲ್ ರಾಯನಿಗೆ, "ಒಂದೇ ಒಂದು ಸಲ ಬಂದು ಹೋಗಿ, ನಿಮ್ಮ ಕಾಲಿಗೆ ಬೀಳ್ತೀನಿ" ಅಂದಳು.

ಅವನು ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಹಣ್ಣು. ಅಪ್ಪನ ಹಾಸಿಗೆಯ ಪಕ್ಕ ಕೂತು ಪೇಪರ್ ಓದಿ ಹೇಳಿದ. ಅಪ್ಪನ ಅರ್ಧ ಮುಖ ನಕ್ಕಿತು. ಎಡಗೈಯಿಂದ ಮಗಳ ಕೈ ಹಿಡಿದು, ಕಷ್ಟಪಟ್ಟು ಎಳೆದು, ಅವನ ಅಂಗೈಯಲ್ಲಿಟ್ಟು, ಮೇಲೆ ತನ್ನ ಕೈ ಒತ್ತಿ ಹಿಡಿದ. ಬಿಡಲೇ ಇಲ್ಲ. ಸ್ಯಾಂಪಲ್ ರಾಯನ ಕೈ ಬೆಚ್ಚಗಿತ್ತು. ಇಷ್ಟು ವರ್ಷಗಳಲ್ಲಿ ಅವರಿಬ್ಬರ ಕೈ ಒಂದನ್ನೊಂದು ಮುಟ್ಟಿದ್ದು ಅದೇ ಮೊದಲು. ಅವಳಿಗೆ ಸುಖವೂ ಆಯಿತು, ಸಂಕಟವೂ ಆಯಿತು, ಎರಡನ್ನೂ ಬೇರೆ ಮಾಡಲು ಬರಲಿಲ್ಲ. ಅಪ್ಪ ಹಾಗೇ ನಿದ್ದೆ ಹೋದ.

ಬಸ್ ಸ್ಟಾಪಿನಲ್ಲಿ ಇಬ್ಬರೂ ನಿಂತರು. ಅವನು ಕಣ್ಣೊರೆಸಿಕೊಂಡು, "ಮದುವೆಗೆ ಇನ್ನೂ ಟೈಮಿದೆ. ಅಪ್ಪನಿಗೋಸ್ಕರ ಮುಂದಿನ ಭಾನುವಾರವೂ ಬರಲಾ?" ಅಂದ.

"ಬೇಡ ಕಣ್ರೀ," ಅಂದಳು. "ಅಪ್ಪ ನಂಬಿದ್ದಾಯ್ತು. ಇನ್ನೊಂದು ಸಲ ನೀವು ಬಂದರೆ ನಾನೂ ನಂಬಿಬಿಡ್ತೀನಿ."

ಬಸ್ಸು ಬಂತು. ಅವನು ಹತ್ತಿದ. ಈಗ ಪ್ರತಿ ಭಾನುವಾರ ಅವಳು ಅಪ್ಪನಿಗೆ ಉಣ್ಣಿಸುತ್ತ, ಮದುವೆ ಆದ ಹಾಗೇ ಅಳಿಯನ ಸುದ್ದಿ ಹೇಳುತ್ತಾಳೆ, ಎಲ್ಲಿ ಟೂರ್ ಹೋಗಿದ್ದಾನೆ, ಯಾವಾಗ ಬರುತ್ತಾನೆ, ಮನೆಯಲ್ಲಿ ಚಹಾ ಯಾರು ಮಾಡುತ್ತಾರೆ. ಅಪ್ಪ ಈಗ ಹೊಟ್ಟೆ ತುಂಬ ಊಟ ಮಾಡುತ್ತಾನೆ.